ದೋಣಿಯ ಬಣ್ಣ, ಅಂಗಡಿಯ ರಟ್ಟು

ದುಡಿಮೆ ಮುಗಿದ ಮೇಲೆ ಇನ್ನೇನು ಎಂದು ಕೇಳುವವರಿಗೆ ನಾವು ಆಲ್‌ಫ್ರೆಡ್ ವಾಲಿಸ್ ಅವರ ಕಥೆ ಹೇಳುತ್ತೇವೆ.

ವಾಲಿಸ್ ಹುಟ್ಟಿದ್ದು 1855ರಲ್ಲಿ, ಇಂಗ್ಲೆಂಡಿನಲ್ಲಿ. ಮೊದಲು ಸಮುದ್ರದಲ್ಲಿ ದುಡಿದರು. ಬಳಿಕ ಸೇಂಟ್ ಐವ್ಸ್ ಎಂಬ ಮೀನುಗಾರರ ಊರಿನಲ್ಲಿ ಹಡಗಿನ ಹಳೆ ಸಾಮಾನು ಕೊಂಡು ಮಾರುವ ಅಂಗಡಿ ಇಟ್ಟರು. 1912ರಲ್ಲಿ ಅದನ್ನೂ ಮುಚ್ಚಿದರು.

1922ರಲ್ಲಿ ಹೆಂಡತಿ ಸುಸಾನ್ ತೀರಿಕೊಂಡರು. ಮನೆ ಬರಿದಾಯಿತು. ಒಂಟಿತನ ಮರೆಯಲು ವಾಲಿಸ್ ಕುಂಚ ಹಿಡಿದಾಗ ವಯಸ್ಸು ಸುಮಾರು 70. ಕಲಿಸಿದವರು ಯಾರೂ ಇಲ್ಲ. ಕಿರಾಣಿ ಅಂಗಡಿಯ ರಟ್ಟೇ ಹಾಳೆ, ದೋಣಿಗೆ ಬಳಿಯುವ ಬಣ್ಣವೇ ಬಣ್ಣ. ರಟ್ಟು ಯಾವ ಆಕಾರದಲ್ಲಿತ್ತೋ ಅದಕ್ಕೆ ತಕ್ಕಂತೆ ಚಿತ್ರ. ಬಿಡಿಸಿದ್ದು ಹೆಚ್ಚಾಗಿ ಹಾಯಿ ಹಡಗುಗಳನ್ನು. ಉಗಿ ಹಡಗು ಬಂದು ಅವು ಕಣ್ಮರೆಯಾಗುತ್ತಿದ್ದ ಕಾಲವದು. ವಾಲಿಸ್ ನೆನಪಿನಿಂದಲೇ ಅವನ್ನು ಉಳಿಸಿದರು.

1928ರಲ್ಲಿ ಬೆನ್ ನಿಕೋಲ್ಸನ್, ಕ್ರಿಸ್ಟೋಫರ್ ವುಡ್ ಎಂಬ ಇಬ್ಬರು ಕಲಾವಿದರು ಆ ಬೀದಿಯಲ್ಲಿ ಹೋಗುತ್ತಿದ್ದರು. ತೆರೆದ ಬಾಗಿಲಿನಿಂದ ಗೋಡೆಯ ಚಿತ್ರಗಳು ಕಂಡವು. ನಿಂತು ನೋಡಿದರು, ಕೊಂಡರು. ಲಂಡನ್ನಿನವರೆಗೂ ಹೆಸರು ಹೋಯಿತು. ಆದರೆ ಬಡತನ ಹೋಗಲಿಲ್ಲ. 1942ರಲ್ಲಿ ವಾಲಿಸ್ ಕಣ್ಣು ಮುಚ್ಚಿದ್ದು ಮ್ಯಾಡ್ರನ್ ಎಂಬಲ್ಲಿ, ಗತಿಯಿಲ್ಲದವರನ್ನು ಇಡುತ್ತಿದ್ದ ಆಶ್ರಯದಲ್ಲಿ. ಕುಂಬಾರ ಕಲಾವಿದ ಬರ್ನಾರ್ಡ್ ಲೀಚ್ ಅವರ ಸಮಾಧಿಗೆ ಹೆಂಚು ಮಾಡಿದರು. ಅದರಲ್ಲಿ ದೀಪಸ್ತಂಭದ ಬಾಗಿಲಿಗೆ ಒಬ್ಬ ಪುಟ್ಟ ಮನುಷ್ಯ ಬಂದಿದ್ದಾನೆ.

ಆ ರಟ್ಟುಗಳು ಇಂದು ದೊಡ್ಡ ಸಂಗ್ರಹಾಲಯಗಳಲ್ಲಿವೆ. ಸಮಾಧಿ ಚೆನ್ನಾಗಿ ಕಟ್ಟುವುದು ಸುಲಭ. ಹಿರಿಯರು ಬದುಕಿರುವಾಗಲೇ ಅವರ ಬಾಗಿಲಲ್ಲಿ ನಾವು ಒಂದು ಗಳಿಗೆ ನಿಲ್ಲೋಣ.