ಜಾರುವ ರಸ್ತೆಯನ್ನು ಅಳೆದವರು

1930ರ ದಶಕದಲ್ಲಿ ಇಂಗ್ಲೆಂಡಿನ ಒದ್ದೆ ರಸ್ತೆಗಳ ಮೇಲೆ ಒಂದು ವಿಚಿತ್ರ ಮೋಟಾರ್‌ಸೈಕಲ್ ಓಡಾಡುತ್ತಿತ್ತು. ಅದಕ್ಕೊಂದು ಸೈಡ್‌ಕಾರ್ ಇತ್ತು. ಸೈಡ್‌ಕಾರಿನ ಚಕ್ರವನ್ನು ಬೇಕೆಂದೇ ಓರೆಯಾಗಿ ತಿರುಗಿಸಿ ಕೂರಿಸಿದ್ದರು. ಬೈಕು ನೇರವಾಗಿ ಸಾಗಿದಂತೆ ಆ ಚಕ್ರ ಅರ್ಧ ಉರುಳುತ್ತ, ಅರ್ಧ ನೆಲಕ್ಕೆ ಉಜ್ಜುತ್ತ ಜೊತೆಗೆ ಬರುತ್ತಿತ್ತು. ರಸ್ತೆ ಟಯರನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೋ ಅಷ್ಟು ಬಲ ಚಕ್ರದ ಮೇಲೆ ಅಡ್ಡಲಾಗಿ ಬೀಳುತ್ತಿತ್ತು. ಆ ಅಡ್ಡಬಲವನ್ನು ಚಕ್ರದ ಮೇಲಿರುವ ಭಾರದಿಂದ ಭಾಗಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ಅದು ದೊಡ್ಡದಿದ್ದರೆ ರಸ್ತೆಗೆ ಹಿಡಿತವಿದೆ ಎಂದು ಅರ್ಥ, ಚಿಕ್ಕದಿದ್ದರೆ ಜಾರುತ್ತದೆ ಎಂದು ಅರ್ಥ. ಅಲ್ಲಿಯವರೆಗೆ ಬಹುಪಾಲು ಬಿದ್ದವನ ಮಾತಿನಲ್ಲೇ ಇದ್ದ ರಸ್ತೆಯ ಜಾರಿಕೆ ಅಂದಿನಿಂದ ಲೆಕ್ಕದ ಪುಸ್ತಕಕ್ಕೆ ಏರಿತು.

ಬೈಕು ಜಾರಿ ಬಿದ್ದರೆ ತಪ್ಪು ಸವಾರನದೇ ಎಂಬ ತೀರ್ಮಾನ ನಮ್ಮಲ್ಲಿ ಬಲು ಬೇಗ ಬಂದುಬಿಡುತ್ತದೆ. ರಸ್ತೆ ಎಷ್ಟು ಜಾರುತ್ತದೆ ಎಂಬುದನ್ನು ಅಳೆಯಬಹುದು, ಆದ್ದರಿಂದ ಅದಕ್ಕೆ ಹೊಣೆಗಾರರನ್ನೂ ಗೊತ್ತುಮಾಡಬಹುದು ಎಂಬ ಅರಿವು ಮೂಡಿ ತೊಂಬತ್ತು ವರ್ಷಗಳಾಗುತ್ತ ಬಂದವು. ಆ ಅರಿವಿನ ಹಿಂದೆ ದೊಡ್ಡ ಚರಿತ್ರೆಯೇ ಇದೆ, ಮತ್ತು ಅದು ಶುರುವಾಗುವುದು ಕುದುರೆಗಳಿಂದ.

1869ರಲ್ಲಿ ಲಂಡನ್ನಿನ ಥ್ರೆಡ್‌ನೀಡಲ್ ಬೀದಿಗೆ ಸ್ವಿಟ್ಜರ್ಲೆಂಡಿನ ವಾಲ್ ದ ತ್ರಾವೇರ್‌ನಿಂದ ತಂದ ನೈಸರ್ಗಿಕ ಡಾಂಬರು ಹಾಸಿದರು. ಬೀದಿ ನುಣುಪಾಯಿತು, ಗಾಡಿಗಳ ಸದ್ದಡಗಿತು. ಆದರೆ ಕುದುರೆಗಳು ಜಾರಿ ಬೀಳುತ್ತವೆ ಎಂಬ ದೂರು ಬಂತು. ನಗರದ ಎಂಜಿನಿಯರ್ ವಿಲಿಯಂ ಹೇವುಡ್ ವಾದಕ್ಕೆ ಇಳಿಯದೆ, ಆಳುಗಳನ್ನು ನಿಲ್ಲಿಸಿ ಬೀಳುವ ಕುದುರೆಗಳನ್ನು ಎಣಿಸಲು ಹೊರಟ. 1870ರ ದಶಕದ ಆ ಎಣಿಕೆಯ ಪ್ರಕಾರ ಗ್ರಾನೈಟ್ ಕಲ್ಲು ಹಾಸಿದ ಬೀದಿಯಲ್ಲಿ ಒಂದು ಕುದುರೆ ಸರಾಸರಿ 132 ಮೈಲಿಗೊಮ್ಮೆ ಬೀಳುತ್ತಿತ್ತು, ಡಾಂಬರಿನ ಮೇಲೆ 191 ಮೈಲಿಗೊಮ್ಮೆ. ಜನ ಅಂದುಕೊಂಡದ್ದಕ್ಕೆ ಇದು ತಿರುವುಮುರುವು. ಅದಕ್ಕಿಂತ ಬೆಲೆಬಾಳುವ ಸಂಗತಿ ಇನ್ನೊಂದಿತ್ತು. ಡಾಂಬರಿನ ಮೇಲೆ ಕುದುರೆಗಳು ಹೆಚ್ಚು ಬಿದ್ದದ್ದು ಜೋರು ಮಳೆಯಲ್ಲಿ ಅಲ್ಲ, ತುಂತುರು ಹನಿದು ನೆಲ ತೇವವಷ್ಟೇ ಆದಾಗ. ಧೂಳು, ಲದ್ದಿ, ಎಣ್ಣೆಯ ಪಸೆ ಎಲ್ಲವೂ ತುಸು ನೀರಿಗೆ ಕಲಸಿ ಲೇಪವಾಗುತ್ತವೆ. ಜಡಿಮಳೆ ಬಂದರೆ ಅದೇ ಲೇಪ ತೊಳೆದು ಹೋಗುತ್ತದೆ. ಮೇ ತಿಂಗಳ ಮೊದಲ ಮಳೆಗೆ ಬೆಂಗಳೂರಿನಲ್ಲಿ ಸ್ಕೂಟರುಗಳು ಸಾಲಾಗಿ ಉರುಳುವುದಕ್ಕೂ ಇದೇ ಕಾರಣ.

ಆಮೇಲೆ ಮೋಟಾರು ಬಂತು, ಅದರ ಹಿಂದೆಯೇ ಧೂಳು ಬಂತು. ಜಾನ್ ಮೆಕ್ಆಡಂ ಕಲಿಸಿದ್ದ ಜಲ್ಲಿ ರಸ್ತೆಗಳು ಎತ್ತು, ಕುದುರೆಗಳಿಗೆ ಸಾಕಾಗಿದ್ದವು. ವೇಗದ ರಬ್ಬರ್ ಚಕ್ರಗಳು ಅದರ ಪುಡಿಯನ್ನೆಲ್ಲ ಎಬ್ಬಿಸಿದವು. ಇಂಗ್ಲೆಂಡಿನಲ್ಲಿ ಸರ್ವೇಯರ್ ಆಗಿದ್ದ ಎಡ್ಗರ್ ಹೂಲಿ 1902ರಲ್ಲಿ ಟಾರು, ಕಬ್ಬಿಣದ ಕಿಟ್ಟದ ಮಿಶ್ರಣಕ್ಕೆ ಪೇಟೆಂಟ್ ಪಡೆದ. ಅದೇ ವರ್ಷ ಮೊನಾಕೊದಲ್ಲಿ ಗುಗ್ಲಿಯೆಲ್ಮಿನೆಟ್ಟಿ ಎಂಬ ವೈದ್ಯ ಧೂಳಡಗಿಸಲು ರಸ್ತೆಗೆ ಟಾರು ಬಳಿಸಿದ. ಧೂಳಿನ ಕಾಟ ಮುಗಿಯಿತು, ಜಾರುವ ಕಾಟ ಮೊದಲಾಯಿತು. ಅಂದಿನ ಬೈಕ್ ಸವಾರರು ಎಲ್ಲಕ್ಕಿಂತ ಹೆಚ್ಚು ಹೆದರುತ್ತಿದ್ದದ್ದು ಗಾಡಿ ಪಕ್ಕಕ್ಕೆ ಜಾರುವುದಕ್ಕೆ. ಟಯರುಗಳು ನುಣ್ಣಗಿದ್ದವು. ಟ್ರಾಮ್ ಹಳಿ, ಮರದ ತುಂಡು ಹಾಸಿದ ಬೀದಿ, ಅವುಗಳ ಮೇಲೆ ಎಣ್ಣೆಯ ತೆಳು ಪದರ. ಟಯರಿಗೆ ತೊಗಲಿನ ಪಟ್ಟಿ ಹೊದಿಸಿ, ಅದಕ್ಕೆ ಉಕ್ಕಿನ ಮೊಳೆ ಬಡಿದು ನೋಡಿದರು. ಸೈಡ್‌ಕಾರ್ ಹೆಂಡತಿ ಮಕ್ಕಳನ್ನು ಕೂರಿಸಲಿಕ್ಕೆಂದು ಬಂದದ್ದು ನಿಜ, ಆದರೆ ಮೂರನೆಯ ಚಕ್ರ ಇದ್ದರೆ ಗಾಡಿ ಮಗುಚುವುದಿಲ್ಲ ಎಂಬ ಧೈರ್ಯವೂ ಅದರ ಜೊತೆಗೆ ಸಿಕ್ಕಿತು. ಮುಂದೆ ಸಂಶೋಧಕರ ಕೈಗೆ ಹೋದದ್ದು ಆ ಮೂರನೆಯ ಚಕ್ರವೇ.

ಬರ್ಡ್ ಮತ್ತು ಸ್ಕಾಟ್ ಎಂಬ ಇಬ್ಬರು ಸಂಶೋಧಕರು 1936ರಲ್ಲಿ ಬ್ರಿಟನ್ನಿನ ರಸ್ತೆ ಸಂಶೋಧನಾ ವಿಭಾಗಕ್ಕೆ ವರದಿ ಕೊಟ್ಟರು. ಅದರ ಪ್ರಕಾರ, ಒಣಗಿದ್ದಾಗ ಎಲ್ಲ ರಸ್ತೆಗಳೂ ಹೆಚ್ಚುಕಡಿಮೆ ಒಂದೇ ಹಿಡಿತ ಕೊಡುತ್ತವೆ, ಒದ್ದೆಯಾದಾಗಲೇ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ಒದ್ದೆ ರಸ್ತೆಯಲ್ಲಿ ವೇಗ ಏರಿದಂತೆ ಹಿಡಿತ ಇಳಿಯುತ್ತದೆ. ಅದೇ ರಸ್ತೆ ಬೇಸಿಗೆಯಲ್ಲಿ ಒದ್ದೆಯಾದರೆ ಚಳಿಗಾಲದಲ್ಲಿ ಒದ್ದೆಯಾದಾಗಿನದಕ್ಕಿಂತ ಹೆಚ್ಚು ಜಾರುತ್ತದೆ. ಈ ಕೊನೆಯ ಮಾತು ವಿಚಿತ್ರವೆನಿಸಬಹುದು. ಬೇಸಿಗೆಯಲ್ಲಿ ನುಣ್ಣನೆಯ ಧೂಳು ಮತ್ತು ಚಕ್ರಗಳು ಸೇರಿ ಜಲ್ಲಿಯ ಮೈಯನ್ನು ಪಾಲಿಶ್ ಮಾಡುತ್ತವೆ, ಮಳೆ ಚಳಿ ಮತ್ತೆ ಅದನ್ನು ತರಿತರಿ ಮಾಡುತ್ತವೆ. ಮೂರು ತಿಂಗಳ ಬಿಸಿಲಿನ ಬೆನ್ನಿಗೇ ಮುಂಗಾರು ಸುರಿಯುವ ನಮ್ಮ ನಾಡಿನವರು ಈ ಮಾತನ್ನು ಸ್ವಲ್ಪ ನಿಂತು ಓದಬೇಕು.

ರಸ್ತೆಯ ಹಿಡಿತಕ್ಕೆ ಎರಡು ಮೂಲಗಳಿವೆ. ಒಂದು, ಜಲ್ಲಿಕಲ್ಲಿನ ಮೈಮೇಲಿನ ಸಣ್ಣ ತರಿ, ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ಇನ್ನೊಂದು, ಕಲ್ಲು ಕಲ್ಲಿನ ನಡುವಿನ ಸಂದು, ಟಯರಿನಡಿಯ ನೀರು ಓಡಿಹೋಗಲು ಬೇಕಾದ ದಾರಿ. ಸುಣ್ಣಕಲ್ಲಿನ ಜಲ್ಲಿ ಬೇಗ ನುಣುಪಾಗುತ್ತದೆ, ಒರಟು ಮರಳುಗಲ್ಲು ಬಹಳ ಕಾಲ ತರಿಯನ್ನು ಉಳಿಸಿಕೊಳ್ಳುತ್ತದೆ. ಕಲ್ಲಿನ ಆಯ್ಕೆಯೇ ಜೀವ ಉಳಿಸುವ ಕೆಲಸ ಎಂದು ಹಾರ್ಮಂಡ್ಸ್‌ವರ್ತ್‌ನ ರಸ್ತೆ ಸಂಶೋಧನಾ ಪ್ರಯೋಗಾಲಯ ತೋರಿಸಿಕೊಟ್ಟಿತು. ಅಲ್ಲಿಯೇ ಬಾರ್ಬರಾ ಸೇಬಿ ಎಂಬ ವಿಜ್ಞಾನಿ ಮತ್ತು ಅವರ ಸಹೋದ್ಯೋಗಿಗಳು, ಅಮೆರಿಕದಲ್ಲಿ ಕಟ್ಟಡದ ನೆಲ ಎಷ್ಟು ಜಾರುತ್ತದೆಂದು ನೋಡಲು ಮಾಡಿದ್ದ ಲೋಲಕ ಯಂತ್ರವೊಂದನ್ನು ರಸ್ತೆಗೆ ಒಗ್ಗಿಸಿ, 1964ರಲ್ಲಿ ಅದರ ವಿವರ ಪ್ರಕಟಿಸಿದರು. ಲೋಲಕದ ತುದಿಗೆ ಒಂದು ರಬ್ಬರ್ ತುಂಡು. ಒದ್ದೆ ಮಾಡಿದ ರಸ್ತೆಯನ್ನು ಅದು ಸವರಿಕೊಂಡು ಮೇಲೇರುತ್ತದೆ. ಎಷ್ಟು ಎತ್ತರಕ್ಕೆ ಏರಿತು ಎಂಬುದನ್ನು ಮುಳ್ಳು ತೋರಿಸುತ್ತದೆ. ಕಡಿಮೆ ಏರಿದರೆ ರಸ್ತೆ ಅದನ್ನು ಹಿಡಿದು ನಿಲ್ಲಿಸಿದೆ ಎಂದು ತಿಳಿಯಬೇಕು. ಇಂದಿಗೂ ಜಗತ್ತಿನಾದ್ಯಂತ ಎಂಜಿನಿಯರುಗಳು ಇದನ್ನು ಬಳಸುತ್ತಾರೆ. ಸೈಡ್‌ಕಾರಿನ ಓರೆ ಚಕ್ರ ಮುಂದೆ ಲಾರಿಗೆ ವರ್ಗವಾಗಿ, ಎದುರಿಗೆ ನೀರು ಚಿಮ್ಮಿಸುತ್ತ ಗಂಟೆಗೆ 50 ಕಿ.ಮೀ. ವೇಗದಲ್ಲಿ ಮೈಲಿಗಟ್ಟಲೆ ಅಳೆಯುವ ಸ್ಕ್ರಿಮ್ ಯಂತ್ರವಾಯಿತು. 1988ರಿಂದ ಬ್ರಿಟನ್ನಿನ ಮುಖ್ಯ ರಸ್ತೆಗಳಿಗೆ ಕನಿಷ್ಠ ಹಿಡಿತದ ಮಟ್ಟಗಳನ್ನು ಗೊತ್ತುಮಾಡಲಾಯಿತು.

ರಸ್ತೆಯ ಕಥೆ ಹೀಗೆ ಮುಂದುವರಿದರೆ ಬೈಕಿನ ಕಥೆ ಒಂದು ಕಡೆ ಎಡವಿ ನಿಂತಿತು. ವಿಮಾನಗಳು ಒದ್ದೆ ರನ್‌ವೇಯಲ್ಲಿ ಜಾರದಂತೆ ಡನ್‌ಲಪ್ ಕಂಪನಿ 1950ರ ದಶಕದ ಆರಂಭದಲ್ಲಿ ‘ಮ್ಯಾಕ್ಸರೆಟ್’ ಎಂಬ ಸಾಧನ ತಂದಿತ್ತು. ಚಕ್ರದ ಜೊತೆ ತಿರುಗುವ ಒಂದು ಪುಟ್ಟ ಫ್ಲೈವೀಲ್ ಅದರ ಜೀವಾಳ. ಬ್ರೇಕ್ ಬಿಗಿಯಾಗಿ ಚಕ್ರ ತಟ್ಟನೆ ನಿಧಾನವಾದರೆ ಫ್ಲೈವೀಲ್ ತನ್ನ ವೇಗದಲ್ಲೇ ಮುಂದಕ್ಕೆ ಓಡಿ, ಕವಾಟ ತೆರೆದು ಬ್ರೇಕಿನ ಒತ್ತಡ ಇಳಿಸುತ್ತದೆ. ಚಕ್ರ ಮತ್ತೆ ಉರುಳುತ್ತದೆ, ಬ್ರೇಕ್ ಮತ್ತೆ ಹಿಡಿಯುತ್ತದೆ. ಇಂದಿನ ಎಬಿಎಸ್ ಮಾಡುವುದೂ ಇದನ್ನೇ. 1958ರಲ್ಲಿ ಹಾರ್ಮಂಡ್ಸ್‌ವರ್ತ್‌ನವರು ಇದನ್ನು ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ ಬೈಕಿಗೆ ಕೂರಿಸಿ ಪರೀಕ್ಷಿಸಿದರು. ಬೈಕು ನಿಲ್ಲಲು ಬೇಕಾದ ದೂರ ಬಹುತೇಕ ಎಲ್ಲ ಪರೀಕ್ಷೆಗಳಲ್ಲೂ ಕಡಿಮೆಯಾಯಿತು, ಒದ್ದೆ ನೆಲದಲ್ಲಂತೂ ಎದ್ದು ಕಾಣುವಷ್ಟು. ಆದರೆ ಎನ್‌ಫೀಲ್ಡ್‌ನ ತಾಂತ್ರಿಕ ಮುಖ್ಯಸ್ಥ ಟೋನಿ ವಿಲ್ಸನ್ ಜೋನ್ಸ್ ಇದಕ್ಕೆ ಭವಿಷ್ಯವಿಲ್ಲ ಎಂದು ಬಗೆದರು. ಸಾಧನ ಅಲ್ಲಿಗೇ ನಿಂತಿತು.

ಇದು ಸಣ್ಣ ನಷ್ಟವಲ್ಲ. ಅಷ್ಟು ಹೊತ್ತಿಗಾಗಲೇ, 1955ರಲ್ಲಿ, ಎನ್‌ಫೀಲ್ಡ್ ಮದ್ರಾಸಿಗೆ ಬಂದಿತ್ತು. ಇಂಗ್ಲೆಂಡಿನ ರೆಡಿಚ್‌ನಲ್ಲಿದ್ದ ಅದರ ಮೂಲ ಕಾರ್ಖಾನೆ ಮುಚ್ಚಿಹೋದರೂ ಬುಲೆಟ್ ಇಲ್ಲಿ ತಯಾರಾಗುತ್ತಲೇ ಇತ್ತು. ಎಬಿಎಸ್ ಇರುವ ಬೈಕು ಮಾರುಕಟ್ಟೆಗೆ ಬಂದದ್ದು 1988ರಲ್ಲಿ, ಬಿಎಂಡಬ್ಲ್ಯು ಕಂಪನಿಯಿಂದ. ಭಾರತದಲ್ಲಿ ತಯಾರಾದ ಬೈಕಿಗೆ ಮೊದಲು ಅದನ್ನು ತಂದದ್ದು ಟಿವಿಎಸ್, 2011ರಲ್ಲಿ, ಅಪಾಚಿಗೆ. 125 ಸಿಸಿಗಿಂತ ದೊಡ್ಡ ಹೊಸ ಮಾದರಿಗಳಿಗೆಲ್ಲ ಅದು ಕಡ್ಡಾಯವಾದದ್ದು 2018ರ ಏಪ್ರಿಲ್‌ನಲ್ಲಿ, ಮರುವರ್ಷ ಹಳೆಯ ಮಾದರಿಗಳಿಗೂ. ಪರೀಕ್ಷೆಯಲ್ಲಿ ಗೆದ್ದ ಸಾಧನ ಅದೇ ಹೆಸರಿನ ಬೈಕಿಗೆ ಮರಳಿ ಬರಲು ಅರವತ್ತು ವರ್ಷ ಹಿಡಿಯಿತು.

ಆ ಅರವತ್ತು ವರ್ಷಗಳಲ್ಲಿ ಬಹುಕಾಲ ಕನ್ನಡ ನಾಡಿನ ಸವಾರರು ಹೆಚ್ಚಾಗಿ ಡ್ರಮ್ ಬ್ರೇಕಿನ ಮೇಲೆಯೇ ಬದುಕಿದರು. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ತಯಾರಾಗತೊಡಗಿದ ಜಾವಾ, ಮುಂದೆ ಅದೇ ಕಾರ್ಖಾನೆಯ ಯೆಜ್ಡಿ, ಮಲೆನಾಡಿನ ತೋಟದ ದಾರಿಗಳನ್ನೆಲ್ಲ ಸುತ್ತಿದವು. ಇವು ಟೂ ಸ್ಟ್ರೋಕ್ ಬೈಕುಗಳು. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಫೋರ್ ಸ್ಟ್ರೋಕ್ ಎಂಜಿನ್ ತಾನೇ ಬೈಕನ್ನು ಹಿಂದಕ್ಕೆ ಜಗ್ಗುತ್ತದೆ, ಟೂ ಸ್ಟ್ರೋಕ್‌ನಲ್ಲಿ ಆ ಜಗ್ಗು ಕಡಿಮೆ. ಹದಿನಾಲ್ಕು ಹಿಮ್ಮುರಿ ತಿರುವುಗಳ ಆಗುಂಬೆ ಘಾಟಿಯನ್ನು ಜುಲೈ ಮಳೆಯಲ್ಲಿ ಇಳಿಯುವಾಗ, ಪಾಚಿಗಟ್ಟಿದ ಅಂಚು, ಗುಡ್ಡದಿಂದ ಹರಿದ ಕೆಮ್ಮಣ್ಣು, ನೀರು ಕುಡಿದ ಡ್ರಮ್ ಬ್ರೇಕು, ಇವಿಷ್ಟನ್ನೂ ಸವಾರ ಒಬ್ಬನೇ ನಿಭಾಯಿಸಬೇಕಿತ್ತು. ತಿರುವಿಗೆ ಮೊದಲೇ ವೇಗ ಇಳಿಸು, ತಿರುವಿನೊಳಗೆ ಬ್ರೇಕ್ ಮುಟ್ಟಬೇಡ ಎಂದು ಹಿರಿಯರು ಕಿರಿಯರಿಗೆ ಹೇಳಿಕೊಡುತ್ತಿದ್ದರು. ಅದರ ಹಿಂದೆ ಗಟ್ಟಿಯಾದ ಭೌತಶಾಸ್ತ್ರವಿದೆ. ಒಂದು ಟಯರು ನೆಲವನ್ನು ಮುಟ್ಟುವುದು ಅಂಗೈಯಷ್ಟು ಜಾಗದಲ್ಲಿ. ಅಲ್ಲಿ ಸಿಗುವ ಹಿಡಿತವನ್ನೇ ತಿರುವೂ ಬ್ರೇಕೂ ಹಂಚಿಕೊಳ್ಳಬೇಕು. ಬೈಕು ವಾಲಿದಾಗ ಬಹುಪಾಲು ತಿರುವಿಗೇ ಖರ್ಚಾಗಿರುತ್ತದೆ, ಬ್ರೇಕಿಗೆ ಕೊಡಲು ಉಳಿದಿರುವುದಿಲ್ಲ. ಮುಂದಿನ ಚಕ್ರ ಬಿಗಿಹಿಡಿದು ನಿಂತಿತೆಂದರೆ ಅಡ್ಡ ಹಿಡಿತ ಕಳಚಿ, ಕಾಲು ಊರುವುದರೊಳಗೆ ಸವಾರ ನೆಲದ ಮೇಲಿರುತ್ತಾನೆ.

ಕರ್ನಾಟಕದಲ್ಲಿ ಜಾರಿಕೆಗೆ ಊರೂರಿಗೆ ಒಂದು ಕಾರಣ. ಕರಾವಳಿಯಲ್ಲಿ ಮೀನಿನ ಲಾರಿಗಳಿಂದ ಸೋರುವ ನೀರು ತಿರುವುಗಳಲ್ಲಿ ಜಿಡ್ಡಾಗಿ ಕೂರುತ್ತದೆ. ಹಳೆ ಮೈಸೂರಿನ ಕಡೆ ಸುಗ್ಗಿ ಬಂತೆಂದರೆ ಡಾಂಬರು ರಸ್ತೆಯೇ ಕಣ. ಹುರುಳಿ, ರಾಗಿಯ ತೆನೆ ಹರಡಿ, ಓಡಾಡುವ ವಾಹನಗಳಿಂದಲೇ ಒಕ್ಕಣೆ ಮಾಡಿಸುತ್ತಾರೆ. ಕಾರಿಗೆ ಅದು ಏನೂ ಅನಿಸುವುದಿಲ್ಲ, ಬೈಕಿನ ಟಯರಿನಡಿ ಹುರುಳಿ ಸೊಪ್ಪು ಎಣ್ಣೆಯಂತೆ ಜಾರುತ್ತದೆ. ರೈತನನ್ನು ಬೈದು ಪ್ರಯೋಜನವಿಲ್ಲ, ಹೊಲದ ಬಳಿ ಒಕ್ಕಣೆಗೆ ಕಣವಿದ್ದರೆ ಅವನು ರಸ್ತೆಗೆ ಬರುತ್ತಿರಲಿಲ್ಲ. ಪೇಟೆಗಳಲ್ಲಿ ಚರಂಡಿಯ ಕಬ್ಬಿಣದ ಮುಚ್ಚಳ, ದಪ್ಪ ಬಣ್ಣದ ಪಟ್ಟಿಗಳು ಒದ್ದೆಯಾದಾಗ ಇದೇ ಕೆಲಸ ಮಾಡುತ್ತವೆ.

ಇವೆಲ್ಲಕ್ಕಿಂತ ನೋವು ಕೊಡುವುದು ತೇಪೆ. ಗುಂಡಿ ಇದ್ದದ್ದು ಕಣ್ಣಿಗಾದರೂ ಬೀಳುತ್ತದೆ. ಕೆಟ್ಟದಾಗಿ ಮುಚ್ಚಿದ ಗುಂಡಿ ರಸ್ತೆಯಂತೆಯೇ ಕಾಣುತ್ತದೆ. ಟಾರು ಹೆಚ್ಚಾಗಿದ್ದರೆ ಬಿಸಿಲಿಗೆ ಮೇಲೆದ್ದು ಕನ್ನಡಿಯ ಹೊಳಪು ಬರುತ್ತದೆ, ಕಡಿಮೆಯಾಗಿದ್ದರೆ ಜಲ್ಲಿ ಕಿತ್ತು ಚೆಲ್ಲಾಡುತ್ತದೆ. ಎರಡರ ಮೇಲೂ ಬೈಕು ನಿಲ್ಲದು. 1934ರಲ್ಲಿ ಸ್ಥಾಪನೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಡಾಂಬರು ರಸ್ತೆಯ ನಿರ್ವಹಣೆಗೆಂದೇ ಸಂಹಿತೆ ಬರೆದಿಟ್ಟಿದೆ. ಗುಂಡಿಯನ್ನು ಚೌಕಾಕಾರವಾಗಿ, ಅಂಚು ನೆಟ್ಟಗೆ ಬರುವಂತೆ ಕತ್ತರಿಸಬೇಕು, ಒಳಗಿನ ಸಡಿಲ ಜಲ್ಲಿ, ನೀರು ತೆಗೆಯಬೇಕು, ತಳಕ್ಕೂ ಅಂಚಿಗೂ ತೆಳುವಾಗಿ ಟಾರು ಬಳಿಯಬೇಕು, ಪದರ ಪದರವಾಗಿ ತುಂಬಿ ಅದುಮಿ, ಅಕ್ಕಪಕ್ಕದ ಮಟ್ಟಕ್ಕೆ ಸಮ ಮಾಡಬೇಕು. ಇದರಲ್ಲಿ ಕಷ್ಟದ್ದೇನೂ ಇಲ್ಲ. ನಿಂತ ನೀರಿನ ಮೇಲೆಯೇ ಮಿಶ್ರಣ ಸುರಿದು ಸಲಿಕೆಯ ಬೆನ್ನಿನಿಂದ ತಟ್ಟಿ ಹೋಗುವುದನ್ನು ನೋಡಿದವರಿಗೆ ಈ ನಾಲ್ಕು ಸಾಲುಗಳ ಬೆಲೆ ಗೊತ್ತು. ಬ್ರಿಟನ್ನಿನಲ್ಲಿ ಬಿರುಕಿಗೆ ಬಳಿಯುವ ಟಾರಿನ ಪಟ್ಟಿಗೂ ಅಗಲ, ದಪ್ಪದ ಮಿತಿಯಿದೆ. ನೇರ ರಸ್ತೆಯಲ್ಲಿ ಏನೂ ಮಾಡದ ಆ ಪಟ್ಟಿ, ವಾಲಿಕೊಂಡು ತಿರುಗುವ ಬೈಕಿನಡಿಗೆ ಬಂದರೆ ಚಕ್ರವನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ.

2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. 2013ರಿಂದ 2017ರವರೆಗಿನ ಐದು ವರ್ಷಗಳಲ್ಲಿ ಗುಂಡಿಗಳಿಂದಲೇ 14,926 ಜನ ಸತ್ತರೆಂಬ ಲೆಕ್ಕವನ್ನು ಕಂಡು ಸುಪ್ರೀಂ ಕೋರ್ಟ್ 2018ರಲ್ಲಿ ಕಳವಳ ಹೇಳಿತು. ಒಳ್ಳೆಯ ರಸ್ತೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದು ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಗುಂಡಿಗಳ ಮೊಕದ್ದಮೆಯಲ್ಲಿ 2019ರಲ್ಲಿ ಹೇಳಿತು. ಅದೇ ವರ್ಷ ಮೋಟಾರು ವಾಹನ ಕಾಯ್ದೆಗೆ 198ಎ ಸೆಕ್ಷನ್ ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಗೊತ್ತುಮಾಡಿದ ಗುಣಮಟ್ಟ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ, ಹೊಣೆಹೊತ್ತ ಪ್ರಾಧಿಕಾರಕ್ಕೂ ಗುತ್ತಿಗೆದಾರನಿಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಲು ಅದು ಅವಕಾಶ ಕೊಡುತ್ತದೆ.

ಸೆಕ್ಷನ್ ಕೆಲಸ ಮಾಡಬೇಕಾದರೆ ಸಾಕ್ಷ್ಯ ಬೇಕು. ಬೈಕು ಬಿದ್ದ ಜಾಗದಲ್ಲಿ ಪೊಲೀಸರು ದೂರ ಅಳೆಯುತ್ತಾರೆ, ಟಯರಿನ ಗೀರು ಅಳೆಯುತ್ತಾರೆ, ‘ಅತಿವೇಗ ಮತ್ತು ಅಜಾಗರೂಕತೆ’ ಎಂದು ಬರೆಯುತ್ತಾರೆ. ಬಾರ್ಬರಾ ಸೇಬಿಯವರ ಲೋಲಕ ಯಂತ್ರ ಜೀಪಿನಲ್ಲಿ ಹಿಡಿಸುವಂಥದ್ದು, ಕೆಲವೇ ನಿಮಿಷಗಳಲ್ಲಿ ಸಂಖ್ಯೆ ಕೊಡುತ್ತದೆ. ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಒಬ್ಬರು ಅದನ್ನು ಆ ತೇಪೆಯ ಮೇಲೊಮ್ಮೆ, ಪಕ್ಕದ ಒಳ್ಳೆಯ ರಸ್ತೆಯ ಮೇಲೊಮ್ಮೆ ಬೀಸಿ, ಎರಡೂ ಸಂಖ್ಯೆಗಳನ್ನು ಮಹಜರಿನಲ್ಲಿ ಸೇರಿಸಿದರೆ, ಸವಾರನ ವೇಗದ ಜೊತೆಗೆ ತೇಪೆ ಹಾಕಿದವರ ಕೆಲಸವೂ ನ್ಯಾಯಾಧೀಶರ ಮೇಜಿಗೆ ಹೋಗುತ್ತದೆ.