ಪ್ಯಾರ್ಲೆಹಣ್ಣಿಗೆ ಕೆಂಪು ಗೀಟು

ದಸರಾ ರಜಕ್ಕೆ ಬೆಂಗಳೂರಿಂದ ಬಂದಿದ್ದ ಮೊಮ್ಮಗಳಿಗೆ, ‘ಹಿತ್ಲಾಗೆ ಪ್ಯಾರ್ಲೆಹಣ್ಣು ಐತೆ, ಕಿತ್ಕಳ್ಳೇ’ ಅಂದೆ. ‘ಅಜ್ಜಿ, ಅದು ಸೀಬೆಹಣ್ಣು. ನಿನ್ನ ಥರ ಬರೆದ್ರೆ ಮಿಸ್ಸು ತಪ್ಪು ಹಾಕ್ತಾರೆ’ ಅಂದ್ಲು. ಒಂದ್ಸಲ ಬರೆದು ಕೆಂಪು ಗೀಟು ಹಾಕಿಸ್ಕಂಡಿದ್ಳಂತೆ. ಫೋನಿನಾಗೆ ನನ್ನ ಜೊತೆ ಮಾತು ಕಮ್ಮಿ ಮಾಡಿದ್ದು ಯಾಕೆ ಅಂತ ಆಗ ಗೊತ್ತಾತು. ಹೊಟ್ಟೆಯೊಳಗೆ ಚುರುಕ್ ಅಂತು ಕಣ್ರಿ.

ಅಲ್ರೀ, ಪೇರಲೆ ಹೆಂಗೆ ತಪ್ಪಾಗ್ತದೆ? ಆ ಗಿಡ ನಮ್ಮ ದೇಶದ್ದೇ ಅಲ್ಲ, ಅಮೆರಿಕ ಖಂಡದ್ದು. ಪೋರ್ಚುಗೀಸರು ಹಡಗಿನಾಗೆ ತಂದಿದ್ದು. ಅವರ ಮಾತಿನಾಗೆ ‘ಪೇರಾ’ ಅಂದ್ರೆ ಮರಸೇಬು, ಅಂಗಡ್ಯಾಗೆ ಪಿಯರ್ಸ್ ಅಂತ ಮಾರ್ತಾರಲ್ಲ, ಅದು. ನೋಡಾಕೆ ಹಂಗೇ ಕಂಡಿದ್ದಕ್ಕೆ ಇದಕ್ಕೂ ಅದೇ ಹೆಸರು ಅಂಟ್ಕಂತು. ಮರಾಠಿಯವರು ಈಗಲೂ ಪೇರೂ ಅಂತಾರೆ. 1956ಕ್ಕೆ ಮುಂಚೆ ನಮ್ಮ ಹೊನ್ನಾಳಿ ಮೈಸೂರು ಸೀಮೆ, ಪಕ್ಕದ ಹಿರೇಕೆರೂರು, ರಾಣೆಬೆನ್ನೂರು ಮುಂಬಯಿ ಪ್ರಾಂತ್ಯ. ಗಡಿ ಇದ್ದಿದ್ದು ಸರ್ಕಾರಕ್ಕೆ, ಹೆಣ್ಣು ಕೊಟ್ಟು ತರೋರಿಗಲ್ಲ. ಸೊಸೆ ಬಂದ್ರೆ ಅವಳ ಜೊತೆ ಅವಳ ಮಾತೂ ಬರ್ತದೆ.

ಮೆಣಸಿನಕಾಯೂ ಅಮೆರಿಕದ್ದೇ. ನಮ್ಮದು ಕಾಳುಮೆಣಸು ಒಂದೇ. ಈ ಹೊಸ ಕಾಯೂ ಹಂಗೇ ಖಾರ ಅಂತ ಮೆಣಸಿನಕಾಯಿ ಆತು. ಈಗ ಬ್ಯಾಡಗಿಯೇ ಅದರ ತೌರುಮನೆ ಅಂದ್ಕಂಡೀವಿ!

ನಮ್ಮವ್ವ ರಾತ್ರಿ ಕೊಟ್ಟಿಗೆಗೆ ಹೋಗಾಕೆ ಹಿಡಕಳ್ತಿದ್ದ ಕಂದೀಲು ನೆನಪಾತು. ಕಂದೀಲು ಅರಬ್ಬಿ ಮಾತು. ಅರಬ್ಬಿಗೆ ಬಂದಿದ್ದು ಲ್ಯಾಟಿನ್ನಿನ ‘ಕಾಂದೇಲ’ದಿಂದ. ಇಂಗ್ಲಿಷಿನ ಕ್ಯಾಂಡಲ್ಲೂ ಅದರದ್ದೇ ಮಗಳು. ಹಂಗಾದ್ರೆ ಮಿಸ್ಸಿನ ಕ್ಯಾಂಡಲ್ಲೂ ನಮ್ಮವ್ವನ ಕಂದೀಲೂ ಅಕ್ಕತಂಗೇರು. ಒಬ್ಬಳು ಕಾನ್ವೆಂಟಿಗೆ ಹೋದ್ಲು, ಒಬ್ಬಳು ಕೊಟ್ಟಿಗೆಗೆ ಬಂದ್ಲು.

ನಾನು ಸೋತಿದ್ದೂ ಐತೆ, ಮುಚ್ಚಿಡಲ್ಲ. ಸಾಯಂಕಾಲ ಮಂಡಕ್ಕಿ ಕಲಸಿ ಕೊಟ್ರೆ ಅವಳು ‘ಪುರಿ’ ಅಂದ್ಲು. ‘ಪೂರಿ ಎಣ್ಣೆಯಾಗೆ ಕರಿಯೋದು ಕಣೇ, ಇದು ಮಂಡಕ್ಕಿ’ ಅಂತ ನಕ್ಕೆ. ಆಮೇಲೆ ಯೋಚನೆ ಮಾಡಿದ್ರೆ, ಹಳಗನ್ನಡದ ಪಾಲು ಈಗ ಹಾಲು, ಪುಲಿ ಈಗ ಹುಲಿ. ಹಂಗೇ ಪುರಿ ಅಂದಿದ್ದೇ ಹುರಿ ಆಗಿದ್ದು. ಬಾಣಲಿ ಮರಳಿನಾಗೆ ಹುರಿದದ್ದಕ್ಕೆ ಪುರಿ. ಪೇಟೆ ಮಾತು ಅಂತ ನಾನು ನಕ್ಕಿದ್ದೇ ಸಾವಿರ ವರ್ಷ ಹಳೇದು! ನಾನೂ ಅವಳಿಗೆ ಕೆಂಪು ಗೀಟು ಹಾಕಿದಂಗಾತಲ್ಲ. ‘ನಿಂದೂ ಸರಿ, ನಂದೂ ಸರಿ’ ಅಂತ ಅವಳನ್ನ ಕರೆದು ಹೇಳಿದೆ. ಒಂದು ಮೊರ ಮಂಡಕ್ಕಿ ಖಾಲಿ ಆತು.

ಮೊನ್ನೆ ಅವಳೇ ಫೋನ್ ಮಾಡಿದ್ಲು. ‘ಅಜ್ಜಿ, ಅಲಮಾರು ಎಲ್ಲಿಂದ ಬಂತು?’

‘ಅದೂ ಪೋರ್ಚುಗೀಸರದ್ದೇ’ ಅಂದೆ. ಅರ್ಧ ಗಂಟೆ ಮಾತಾಡಿದ್ವಿ.