ಚಂದ್ರಲೇಖಾ (ನೃತ್ಯ ಸಂಯೋಜಕಿ)

ಚಂದ್ರಲೇಖಾ (6 ಡಿಸೆಂಬರ್ 1928 – 30 ಡಿಸೆಂಬರ್ 2006) ಭಾರತದ ನೃತ್ಯ ಕಲಾವಿದೆ ಹಾಗೂ ನೃತ್ಯ ಸಂಯೋಜಕಿ. ಭರತನಾಟ್ಯವನ್ನು ಯೋಗ ಮತ್ತು ಕೇರಳದ ಕಳರಿಪಯಟ್ಟಿನೊಡನೆ ಬೆಸೆದು ಸಮಕಾಲೀನ ಭಾರತೀಯ ನೃತ್ಯಕ್ಕೆ ಹೊಸ ಪರಿಭಾಷೆಯೊಂದನ್ನು ರೂಪಿಸಿದವರಲ್ಲಿ ಇವರು ಪ್ರಮುಖರು.

ಆರಂಭಿಕ ಜೀವನ

ಇವರು ಮಹಾರಾಷ್ಟ್ರದ ವಾಡಾದಲ್ಲಿ ಜನಿಸಿದರು. ಕಾನೂನು ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು ಮದರಾಸಿಗೆ ತೆರಳಿ, ಕಾಂಚೀಪುರಂ ಎಲ್ಲಪ್ಪ ಪಿಳ್ಳೈ ಅವರಲ್ಲಿ ಭರತನಾಟ್ಯ ಕಲಿತರು. ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಒಡನಾಟ ಇವರ ಮೇಲೆ ಗಾಢ ಪ್ರಭಾವ ಬೀರಿತು.

ಇವರ ರಂಗಪ್ರವೇಶ ರಾಯಲಸೀಮೆಯ ಬರಪರಿಹಾರ ನಿಧಿಯ ಸಹಾಯಾರ್ಥವಾಗಿ ನಡೆಯಿತು. ಅಂದು ‘ಮಥುರಾ ನಗರಿಲೋ’ ಪದಕ್ಕೆ ಗೋಪಿಕೆಯರ ಜಲಕ್ರೀಡೆಯನ್ನು ಅಭಿನಯಿಸುತ್ತಿದ್ದಾಗ, ಪತ್ರಿಕೆಗಳಲ್ಲಿ ಕಂಡಿದ್ದ ಬಿರುಕುಬಿಟ್ಟ ನೆಲದ ಚಿತ್ರಗಳು ಕಣ್ಮುಂದೆ ಬಂದವೆಂದು ಅವರು ಮುಂದೆ ಸ್ಮರಿಸಿದ್ದಾರೆ. ನೀರಿಲ್ಲದವರಿಗಾಗಿ ನೀರಾಟವನ್ನು ಆಡಿ ತೋರಿಸುವ ಈ ವೈರುಧ್ಯ, ನೃತ್ಯಕ್ಕೂ ಬದುಕಿಗೂ ಇರುವ ಸಂಬಂಧದ ಪ್ರಶ್ನೆಯಾಗಿ ಕೊನೆಯವರೆಗೂ ಅವರನ್ನು ಬಿಡಲಿಲ್ಲ.

ರಂಗದಿಂದ ದೂರ

‘ದೇವದಾಸಿ’ ಮತ್ತು ‘ನವಗ್ರಹ’ (1972) ಸಂಯೋಜನೆಗಳ ಹೊರತಾಗಿ ದೀರ್ಘಕಾಲ ರಂಗದಿಂದ ದೂರವಿದ್ದ ಇವರು ಬರವಣಿಗೆ, ಭಿತ್ತಿಪತ್ರ ವಿನ್ಯಾಸ ಹಾಗೂ ಮಹಿಳಾ ಚಳವಳಿಯಲ್ಲಿ ತೊಡಗಿಕೊಂಡರು. 1982ರಲ್ಲಿ ಇವರ ಮೇಲೆ ರಾಜದ್ರೋಹದ ಆರೋಪ ಹೊರಿಸಲಾಯಿತು. ನಂತರ ಅದನ್ನು ಕೈಬಿಡಲಾಯಿತು.

ಸಂಯೋಜನೆಗಳು ಮತ್ತು ಸಹಯೋಗಗಳು

1984ರಲ್ಲಿ ಮುಂಬಯಿಯ ಪೂರ್ವ–ಪಶ್ಚಿಮ ನೃತ್ಯ ಸಮಾಗಮದ ಮೂಲಕ ರಂಗಕ್ಕೆ ಮರಳಿದ ಇವರಿಗೆ ‘ಅಂಗಿಕ’ (1985) ವ್ಯಾಪಕ ಖ್ಯಾತಿ ತಂದಿತು. ಇದರಲ್ಲಿ ಪುರಾಣಕಥೆಗಿಂತ ದೇಹದ ಚಲನೆಯ ಇತಿಹಾಸವೇ ವಸ್ತು. ‘ಲೀಲಾವತಿ’ (1989) ಭಾಸ್ಕರಾಚಾರ್ಯರ ಗಣಿತಗ್ರಂಥವನ್ನು ಆಧರಿಸಿದೆ. ದುಂಬಿ, ಕಮಲ, ಹಂಸಗಳ ಲೆಕ್ಕಗಳು ಇಲ್ಲಿ ನೃತ್ತವಾಗಿವೆ. ‘ಪ್ರಾಣ’, ‘ಶ್ರೀ’, ‘ಯಂತ್ರ’, ‘ಮಹಾಕಾಲ’, ‘ರಾಗ’ ಮತ್ತು ‘ಶ್ಲೋಕ’ ಇತರ ಕೃತಿಗಳು.

ವಿನ್ಯಾಸಕಾರ ದಶರಥ ಪಟೇಲ್ ಹಾಗೂ ಬೆಳಕಿನ ವಿನ್ಯಾಸಕ, ವಿಮರ್ಶಕ ಸದಾನಂದ ಮೆನನ್ ಇವರ ದೀರ್ಘಕಾಲದ ಸಹವರ್ತಿಗಳು. ಕೊನೆಯ ಪ್ರಮುಖ ಕೃತಿ ‘ಶರೀರ’ (2001) ಗುಂಡೇಚಾ ಸಹೋದರರ ಧ್ರುಪದ್ ಗಾಯನದೊಂದಿಗೆ ಅತಿ ವಿಳಂಬ ಗತಿಯಲ್ಲಿ ಸಾಗುವ ಯುಗಳ ನೃತ್ಯ. ಕವಯಿತ್ರಿ ತಿಶಾನಿ ದೋಶಿ ಮತ್ತು ಕಳರಿಪಯಟ್ಟು ಪಟು ಶಾಜಿ ಜಾನ್ ಇದನ್ನು ಅನೇಕ ವರ್ಷ ಪ್ರದರ್ಶಿಸಿದರು. ಹೆಜ್ಜೆಗಳ ವೇಗವನ್ನೇ ಪ್ರೌಢಿಮೆಯೆಂದು ಎಣಿಸುವ ಪ್ರೇಕ್ಷಕರಿಗೆ ಈ ನಿಧಾನಗತಿ ಸುಲಭದ ತುತ್ತಲ್ಲ.

ಗೌರವಗಳು

ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಹಾಗೂ 2004ರಲ್ಲಿ ಅದರ ಫೆಲೋಶಿಪ್ ಇವರಿಗೆ ಸಂದಿವೆ. ರುಸ್ತಂ ಭರೂಚಾ 1995ರಲ್ಲಿ ಇವರ ಕುರಿತು ಗ್ರಂಥ ಪ್ರಕಟಿಸಿದರು. ಚೆನ್ನೈನ ಬೆಸೆಂಟ್ ನಗರದ ಕಡಲತೀರದಲ್ಲಿರುವ ಇವರ ನಿವಾಸ ‘ಸ್ಪೇಸಸ್’ ಮುಂದೆ ಕಲಾಪ್ರದರ್ಶನಗಳ ತಾಣವಾಯಿತು.